ಯುರೋಪಿನ ಅರಣ್ಯನಾಶ ನಿಯಮ ಮತ್ತು ಕರ್ನಾಟಕದ ಕಾಫಿ ತೋಟ

ಯುರೋಪಿಯನ್ ಒಕ್ಕೂಟದ 2023/1115ನೇ ನಿಯಮಾವಳಿಯ ಪಟ್ಟಿಯಲ್ಲಿರುವುದು ದನ, ಕೋಕೊ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ ಮತ್ತು ಮರ. ರಾಜ್ಯದಲ್ಲಿ ಈ ನಿಯಮ ಮುಖ್ಯವಾಗಿ ತಟ್ಟುವುದು ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿಗೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕರ್ನಾಟಕದಲ್ಲಿ. ಇಟಲಿ, ಜರ್ಮನಿ, ಬೆಲ್ಜಿಯಂ ಅದರ ದೊಡ್ಡ ಗಿರಾಕಿಗಳು.

2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಬೆಳೆಯನ್ನು ಒಕ್ಕೂಟದ ಮಾರುಕಟ್ಟೆಗೆ ತರುವಂತಿಲ್ಲ. ಇದನ್ನು ಖಾತರಿಪಡಿಸಿ ಡ್ಯೂ ಡಿಲಿಜೆನ್ಸ್ ಹೇಳಿಕೆ ಸಲ್ಲಿಸುವ ಹೊಣೆ ಅಲ್ಲಿನ ಆಮದುದಾರನದು. ಎರಡು ಬಾರಿ ಮುಂದೂಡಿದ ಗಡುವು ಈಗ ದೊಡ್ಡ, ಮಧ್ಯಮ ಸಂಸ್ಥೆಗಳಿಗೆ 2026ರ ಡಿಸೆಂಬರ್ 30. 2025ರ ಮೇ ತಿಂಗಳಲ್ಲಿ ಭಾರತಕ್ಕೆ ‘ಕಡಿಮೆ ಅಪಾಯದ ದೇಶ’ ಎಂಬ ದರ್ಜೆ ಸಿಕ್ಕಿತು. ಅಪಾಯ ವಿಶ್ಲೇಷಣೆಯ ಕೆಲಸ ಇದರಿಂದ ತಪ್ಪುತ್ತದೆಯೇ ಹೊರತು ಮಾಹಿತಿ ಸಂಗ್ರಹ ತಪ್ಪುವುದಿಲ್ಲ. ಆ ಮಾಹಿತಿಯಲ್ಲಿ ತೊಡಕಿನದು ಮರದ ಲೆಕ್ಕಕ್ಕಿಂತ ಪಹಣಿಯ ಲೆಕ್ಕ ಎಂಬುದು ನನ್ನ ವಾದ.

ಮರದ ಲೆಕ್ಕವೂ ಸಲೀಸಲ್ಲ ಎನ್ನಿ. ಅರ್ಧ ಹೆಕ್ಟೇರಿಗೂ ಮಿಕ್ಕ ಜಾಗ, ಐದು ಮೀಟರಿಗೂ ಎತ್ತರದ ಮರ, ಶೇ 10ಕ್ಕೂ ಹೆಚ್ಚು ಹಸಿರು ಹೊದಿಕೆ ಇದ್ದರೆ ಅದು ಅರಣ್ಯ. ಆದರೆ ಕೃಷಿ ಬಳಕೆಯ ನೆಲ ಅರಣ್ಯವಲ್ಲ. ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳಲ್ಲಿರುವ ನಮ್ಮ ತೋಟ ಕಾನೂನಿನ ಕಣ್ಣಿಗೆ ಕೃಷಿ, ಉಪಗ್ರಹದ ಕಣ್ಣಿಗೆ ಕಾಡು. ನೆರಳು ಮರಗಳ ಕೊಂಬೆ ಸವರಿದ ವರ್ಷ ಉಪಗ್ರಹದ ನಕ್ಷೆಯಲ್ಲಿ ಕಾಡು ಬೋಳಾದಂತೆ ಕಾಣಬಹುದು. ಗಿಡ ಯಾವಾಗ ನೆಟ್ಟದ್ದೆಂಬ ದಾಖಲೆ ಕೈಯಲ್ಲಿದ್ದರೆ ಉತ್ತರ ಕೊಡಬಹುದು.

ಇನ್ನು ತೋಟದ ಜಾಗದ ಗುರುತು. ನಾಲ್ಕು ಹೆಕ್ಟೇರ್, ಅಂದರೆ ಸುಮಾರು 9 ಎಕರೆ 35 ಗುಂಟೆವರೆಗಿನ ತೋಟಕ್ಕೆ ಅಕ್ಷಾಂಶ-ರೇಖಾಂಶದ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಕ್ಕೆ ಸುತ್ತಳತೆಯ ನಕ್ಷೆ ಬೇಕು. ದಶಮಾಂಶದ ನಂತರ ಆರು ಅಂಕಿ ಇರಬೇಕಂತೆ. ಆರನೆಯ ಅಂಕಿ ಹನ್ನೊಂದು ಸೆಂಟಿಮೀಟರಿನ ಮಾತು. ದಟ್ಟ ನೆರಳಿನಡಿ ಮೊಬೈಲ್ ಹಲವು ಮೀಟರ್ ತಪ್ಪು ತೋರಿಸುತ್ತದೆ. ಬೆಳೆಗಾರರ ನೋಂದಣಿಗೆ ಕಾಫಿ ಮಂಡಳಿ ‘ಇಂಡಿಯಾ ಕಾಫಿ’ ಆ್ಯಪ್ ತಂದಿದೆ. ಅದು ತೋಟದ ಜಾಗ ಗುರುತಿಸಬಹುದು, ಹಕ್ಕಿನ ತಕರಾರು ಬಗೆಹರಿಸದು.

ನಿಯಮಾವಳಿ ಕೇಳುವ ಇನ್ನೊಂದು ಸಂಗತಿಯೆಂದರೆ, ಬೆಳೆದ ದೇಶದ ಕಾನೂನಿಗೆ, ಭೂಬಳಕೆಯ ಹಕ್ಕೂ ಸೇರಿದಂತೆ, ಬೆಳೆ ಬದ್ಧವಾಗಿರಬೇಕು. ಕೊಡಗಿನ ಜಮ್ಮಾ ಬಾಣೆಯನ್ನು ನೋಡಿ. ಗದ್ದೆಗೆ ಸೊಪ್ಪು, ಸೌದೆ ಒದಗಿಸಲೆಂದು ಕೊಟ್ಟ ಬಾಣೆಗಳಲ್ಲಿ ಕಾಲಾಂತರದಲ್ಲಿ ಕಾಫಿ ಬಂತು. ದಾಖಲೆಯಲ್ಲಿ ಒಕ್ಕದ (ಮನೆತನದ) ಪಟ್ಟೇದಾರರ ಹೆಸರು, ಅನುಭವದಲ್ಲಿ ಐದಾರು ಮನೆಯವರು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ತೋಟಕ್ಕೆ ಪೋಡಿ ಆಗಿರುವುದಿಲ್ಲ. ಒತ್ತುವರಿ ಕಂದಾಯ ಭೂಮಿಯ ಕಾಫಿಯ ಪಾಡು ಇನ್ನೂ ಬಿಗಿ. ಇಲ್ಲಿ ಒಂದು ಮರವೂ ಉರುಳಿಲ್ಲದಿರಬಹುದು. ಆದರೂ ಆಮದುದಾರನ ಕಡತದಲ್ಲಿ ಕಾನೂನುಬದ್ಧತೆಯ ಕಾಲಂ ಖಾಲಿ ಉಳಿಯುತ್ತದೆ.

ಸಣ್ಣ ಬೆಳೆಗಾರರು ಚೆರಿಯನ್ನು ಊರಿನ ವ್ಯಾಪಾರಿಗೆ ಹಾಕುತ್ತಾರೆ, ಆತ ಕ್ಯೂರಿಂಗ್ ವರ್ಕ್ಸ್‌ಗೆ ಸಾಗಿಸುತ್ತಾನೆ. ಹಲವು ತೋಟಗಳ ಕಾಫಿ ಬೆರೆಸಲು ಅಡ್ಡಿಯಿಲ್ಲ. ಆದರೆ ಆ ಲಾಟಿಗೆ ಸೇರಿದ ಪ್ರತಿ ತೋಟದ ಗುರುತೂ ಹೇಳಿಕೆಯಲ್ಲಿರಬೇಕು, ಮೂಲ ಗೊತ್ತಿಲ್ಲದ ಒಂದು ಮೂಟೆಯೂ ಸೇರಬಾರದು. ಆಮದುದಾರ ತಯಾರಿ ಆರಂಭಿಸಬೇಕಾದದ್ದು ಇಲ್ಲಿಂದ: ಕೊಯ್ಲಿಗೆ ಮೊದಲೇ ವ್ಯಾಪಾರಿಯ ಖರೀದಿ ಪುಸ್ತಕದಲ್ಲಿ ಸರ್ವೆ ನಂಬರಿಗೊಂದು ಕಾಲಂ, ಕಣದಲ್ಲಿ ಮೂಟೆಗೆ ಚೀಟಿ, ಪೋಡಿಯಾಗದ ತೋಟಕ್ಕೆ ಕುಟುಂಬದವರ ಒಪ್ಪಿಗೆ ಪತ್ರ. ಇದರ ಖರ್ಚನ್ನು ಕಾಫಿಯ ದರದಲ್ಲಿ ಮುರಿದುಕೊಳ್ಳದೆ ಕರಾರಿನಲ್ಲೇ ಆಮದುದಾರ ತನ್ನ ಪಾಲಿಗೆ ಬರೆದುಕೊಳ್ಳುವುದು ನ್ಯಾಯ, ಏಕೆಂದರೆ ದಾಖಲೆ ಐದು ವರ್ಷ ಕಾಯ್ದಿಡಬೇಕಾದವನೂ ದಂಡ ತೆರಬೇಕಾದವನೂ ಅವನೇ.