ಕಂಕುಳ ಕೂಸು

ನಿಜ ಪ್ರಕರಣಗಳನ್ನು ಅಭಿನಯಿಸಿ ತೋರಿಸುವ ‘ಕ್ರೈಮ್ ಪೆಟ್ರೋಲ್’ ಸೋನಿ ವಾಹಿನಿಯಲ್ಲಿ ಆರಂಭವಾದದ್ದು 2003ರಲ್ಲಿ. ‘ಇಂಥವರು ಇಂಥ ಕೆಲಸ ಮಾಡಿಯಾರೇ?’ ಎಂದು ಕೋವಾಡದ ನಮ್ಮ ಮನೆಯಲ್ಲಿ ಎಲ್ಲರೂ ಬೆರಗಾಗುವಾಗ ಅವ್ವ ಎದ್ದು ಹೋಗುತ್ತಿದ್ದಳು. ನಮ್ಮ ಜಿಲ್ಲೆಗೆ ಅದರ ಉತ್ತರ 1996ರಲ್ಲೇ ಸಿಕ್ಕಿತ್ತು.

ಆ ವರ್ಷ ಅಂಜನಾಬಾಯಿ ಗಾವಿತ ಮತ್ತು ಆಕೆಯ ಹೆಣ್ಣುಮಕ್ಕಳಾದ ರೇಣುಕಾ, ಸೀಮಾ ಬಂಧಿತರಾದರು. ಅವರು ಮಕ್ಕಳನ್ನು ಕದ್ದದ್ದು ಒತ್ತೆಹಣಕ್ಕಲ್ಲ. ಜನಜಂಗುಳಿಯಲ್ಲಿ ಜೇಬುಗಳ್ಳತನ ಮಾಡುವಾಗ ಕಂಕುಳಲ್ಲಿ ಕೂಸಿದ್ದರೆ ಯಾರೂ ಸಂಶಯಪಡರು. ಸಿಕ್ಕಿಬಿದ್ದರೂ ಮರುಗಿ ಬಿಟ್ಟುಬಿಡುವರು. ಉಪಯೋಗ ತೀರಿದ ಮೇಲೆ ಹಲವು ಮಕ್ಕಳನ್ನು ಕೊಂದರು. ಅಂಜನಾಬಾಯಿ 1997ರಲ್ಲಿ ಬಂಧನದಲ್ಲೇ ತೀರಿಕೊಂಡಳು. ಸಹೋದರಿಯರಿಗೆ ಕೊಲ್ಹಾಪುರದ ಸೆಷನ್ಸ್ ನ್ಯಾಯಾಲಯ 2001ರಲ್ಲಿ ಮರಣದಂಡನೆ ವಿಧಿಸಿತು; 2006ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕ್ಷಮಾದಾನದ ಅರ್ಜಿಯನ್ನು ಸರಕಾರ ವರ್ಷಗಟ್ಟಲೆ ಎಳೆದದ್ದರಿಂದ ಮುಂಬಯಿ ಹೈಕೋರ್ಟು 2022ರಲ್ಲಿ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು.

ಈ ಅಪರಾಧಕ್ಕೆ ಬಂಡವಾಳವಾದದ್ದು ನಮ್ಮ ಕರುಣೆಯೇ. ಆಮೇಲೆ ಅವ್ವ ಮಹಾಲಕ್ಷ್ಮಿಯ ದರ್ಶನಕ್ಕೆ ಹೋದಾಗಲೆಲ್ಲ ತಂಗಿಯ ಕೈ ಬಿಡುತ್ತಿರಲಿಲ್ಲ. ಆದರೆ ಬಸ್ಸಿನಲ್ಲಿ ಕೂಸು ಹೊತ್ತವಳಿಗೆ ಜಾಗ ಬಿಡುವುದನ್ನೂ ನಿಲ್ಲಿಸಲಿಲ್ಲ. ಬ್ಯಾಂಕಿನ ಕೌಂಟರಿಗೆ ಅಂಥವಳು ಬಂದರೆ ನಾನೂ ಮೊದಲು ಕರೆಯುತ್ತೇನೆ. ಸಹಿಯನ್ನು ಮಾತ್ರ ಎಲ್ಲರದರಂತೆಯೇ ತಾಳೆ ನೋಡುತ್ತೇನೆ.