ಹಸುಗೂಸಿಗೆ ಗಡಿಯಾರ ಗೊತ್ತಿಲ್ಲ: ಮೊದಲ ಮೂರು ತಿಂಗಳ ಹಾಲು, ನಿದ್ದೆ ಮತ್ತು ನಮ್ಮ ಕಾನೂನು

ಮಗು ಹುಟ್ಟಿದ ಮನೆಯಲ್ಲಿ ಮೊದಲ ವಾರ ಎರಡೇ ಪ್ರಶ್ನೆ. ‘ಹಾಲು ಸಾಕಾಗ್ತಿದೆಯಾ?’ ‘ರಾತ್ರಿ ಮಲಗುತ್ತಾ?’ ಉತ್ತರ ಹೇಳೋಕೆ ಅಜ್ಜಿ, ಅತ್ತೆ, ಪಕ್ಕದ ಮನೆಯವರು, ಇನ್‌ಸ್ಟಾಗ್ರಾಂ ರೀಲ್ಸ್ ಎಲ್ಲರೂ ರೆಡಿ. ಒಬ್ಬರು ಮೂರು ಗಂಟೆಗೊಮ್ಮೆ ಮಾತ್ರ ಹಾಲು ಕೊಡು ಅಂತಾರೆ, ಇನ್ನೊಬ್ಬರು ಅತ್ತಾಗಲೆಲ್ಲ ಎತ್ತಿಕೊಂಡು ಅಭ್ಯಾಸ ಕೆಡಿಸಬೇಡ ಅಂತಾರೆ. ಈ ನಡುವೆ ಹೊಲಿಗೆ ಇನ್ನೂ ಆರದ ಬಾಣಂತಿಗೆ ತಾನೇ ಏನೋ ತಪ್ಪು ಮಾಡ್ತಿದ್ದೇನೆ ಅನ್ನಿಸೋಕೆ ಶುರುವಾಗುತ್ತೆ.

ಮೊದಲ ಮೂರು ತಿಂಗಳ ಬಗ್ಗೆ ವೈದ್ಯವಿಜ್ಞಾನ ಏನು ಹೇಳುತ್ತೆ, ಅದನ್ನು ಪಾಲಿಸೋಕೆ ನಮ್ಮ ಕಾನೂನು ಮತ್ತು ಆಸ್ಪತ್ರೆಗಳು ಎಷ್ಟು ಅವಕಾಶ ಕೊಡುತ್ತವೆ, ಎರಡನ್ನೂ ಒಟ್ಟಿಗೆ ನೋಡೋಣ.

ಮೊದಲ ಒಂದು ಗಂಟೆ

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳವರೆಗೆ ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ. ಇದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಮೊದಲ ದಿನಗಳಲ್ಲಿ ಬರುವ ದಪ್ಪ ಹಳದಿ ಗಿಣ್ಣುಹಾಲು ಪ್ರಮಾಣದಲ್ಲಿ ಕಡಿಮೆ, ರೋಗನಿರೋಧಕ ಅಂಶಗಳಲ್ಲಿ ಶ್ರೀಮಂತ. ಅದನ್ನು ‘ಕೆಟ್ಟ ಹಾಲು’ ಅಂತ ಹಿಂಡಿ ಚೆಲ್ಲೋ ಪದ್ಧತಿ ಕೆಲವು ಕಡೆ ಇನ್ನೂ ಇದೆ.

ಆದರೆ ಎಲ್ಲ ತಪ್ಪನ್ನೂ ಅಜ್ಜಿಯಂದಿರ ಮೇಲೆ ಹಾಕೋ ಹಾಗಿಲ್ಲ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 88.6 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಮೊದಲ ಗಂಟೆಯಲ್ಲಿ ಎದೆಹಾಲು ಸಿಕ್ಕ ಮಕ್ಕಳು ಶೇ. 41.8 ಮಾತ್ರ. ಅಂದರೆ ಆ ಒಂದು ಗಂಟೆ ಕೈತಪ್ಪುತ್ತಿರೋದು ಬಹುಪಾಲು ಆಸ್ಪತ್ರೆಯ ಗೋಡೆಯೊಳಗೇ. ಸಿಸೇರಿಯನ್ ನಂತರ ತಾಯಿ ಒಂದು ಕಡೆ, ಮಗು ಇನ್ನೊಂದು ಕಡೆ. ಹೆರಿಗೆ ವಾರ್ಡಿನಲ್ಲಿ ಪಕ್ಕದಲ್ಲಿ ಕೂತು ಸಹಾಯ ಮಾಡೋಷ್ಟು ನರ್ಸ್‌ಗಳಿಲ್ಲ. ತಾಯಿಗೆ ಎಚ್ಚರ ಇದ್ದು ಇಬ್ಬರ ಸ್ಥಿತಿಯೂ ಸರಿಯಿದ್ದರೆ ಸಿಸೇರಿಯನ್ ಆದಮೇಲೂ ಬೇಗ ಹಾಲುಣಿಸಬಹುದು. ಹೆರಿಗೆಗೆ ಮೊದಲೇ ಈ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿಟ್ಟುಕೊಳ್ಳಿ.

ಎಷ್ಟು ಸಲ ಹಾಲು ಕೊಡಬೇಕು?

24 ಗಂಟೆಯಲ್ಲಿ 8ರಿಂದ 12 ಸಲ, ರಾತ್ರಿಯೂ ಸೇರಿ. ಹಸಿವಾದ ಮಗು ಮೊದಲು ಬಾಯಿ ಚಪ್ಪರಿಸುತ್ತೆ, ಕೈ ಬಾಯಿಗೆ ಒಯ್ಯುತ್ತೆ, ತಲೆ ಅತ್ತಿತ್ತ ತಿರುಗಿಸಿ ಹುಡುಕುತ್ತೆ. ಅಳು ಕೊನೆಯ ಸೂಚನೆ. ಅಳೋವರೆಗೂ ಕಾದರೆ ಮಗು ಸರಿಯಾಗಿ ಬಾಯಿ ಹಚ್ಚೋದು ಕಷ್ಟ.

ಎದೆಹಾಲಿನದ್ದು ಡಿಮ್ಯಾಂಡ್-ಸಪ್ಲೈ ಲೆಕ್ಕ. ಎದೆ ಖಾಲಿಯಾದಷ್ಟೂ ಹೊಸ ಹಾಲು ಬೇಗ ತಯಾರಾಗುತ್ತೆ, ತುಂಬೇ ಇದ್ದರೆ ಉತ್ಪಾದನೆ ನಿಧಾನವಾಗುತ್ತೆ. ಹಾಲು ಉತ್ಪಾದನೆಗೆ ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನ್ ರಾತ್ರಿ ಹೊತ್ತು ಹೆಚ್ಚಿರುತ್ತೆ. ಹಾಗಾಗಿ ‘ರಾತ್ರಿ ಒಂದು ಬಾಟಲಿ ಪುಡಿ ಹಾಲು ಕುಡಿಸಿ ಮಲಗಿಸಿಬಿಡಿ’ ಅನ್ನೋ ಸಲಹೆ ಕೇಳೋಕೆ ಹಿತವಾದರೂ, ಅದೇ ರೂಢಿಯಾದರೆ ಕೆಲವೇ ವಾರದಲ್ಲಿ ತಾಯಿಯ ಹಾಲು ಕಡಿಮೆಯಾಗಬಹುದು. ಕೆಲವು ಮಕ್ಕಳು ಸಂಜೆ ಹೊತ್ತು ಅರ್ಧ ಗಂಟೆಗೊಮ್ಮೆ ಹಾಲು ಕೇಳ್ತವೆ. ಅದೊಂದರಿಂದಲೇ ಹಾಲು ಸಾಲದು ಅಂತ ತೀರ್ಮಾನಿಸಬೇಡಿ.

ಸಾಕಾಗ್ತಿದೆಯಾ ಅಂತ ತಿಳಿಯೋಕೆ ಎರಡು ಲೆಕ್ಕ ಸಾಕು. ಐದನೇ ದಿನದ ನಂತರ ದಿನಕ್ಕೆ ಕನಿಷ್ಠ ಆರು ಸಲ ಮೂತ್ರ ಮಾಡಬೇಕು. ಮೊದಲ ದಿನಗಳಲ್ಲಿ ತೂಕ ಶೇ. 7ರಿಂದ 10ರವರೆಗೆ ಇಳಿಯಬಹುದು. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರಬೇಕು.

2.5 ಕೆಜಿಗಿಂತ ಕಡಿಮೆ ತೂಕದ ಅಥವಾ ಅವಧಿಗೆ ಮುಂಚೆ ಹುಟ್ಟಿದ ಮಗು ಹಸಿವಾದರೂ ಏಳದೆ ಮಲಗಿಬಿಡಬಹುದು. ಅದನ್ನು ಎಬ್ಬಿಸಿ ಕುಡಿಸಬೇಕು, ಚೀಪೋಕೆ ಶಕ್ತಿ ಇಲ್ಲದಿದ್ದರೆ ಎದೆಹಾಲನ್ನೇ ಹಿಂಡಿ ಶುಚಿಯಾದ ಒಳಲೆಯಲ್ಲೋ ಚಮಚದಲ್ಲೋ ಕೊಡಬಹುದು. ಇಂಥ ಮಕ್ಕಳಿಗೆ ದಿನಕ್ಕೆ 8ರಿಂದ 24 ಗಂಟೆ ಕಾಲ ಚರ್ಮಕ್ಕೆ ಚರ್ಮ ತಾಗುವಂತೆ ಎದೆಗವಚಿಕೊಳ್ಳುವ ‘ಕಾಂಗರೂ ಆರೈಕೆ’ಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಇದನ್ನು ಅಪ್ಪನೂ ಮಾಡಬಹುದು.

ಕೊಡಬಾರದ್ದು

ನೀರು, ಸಕ್ಕರೆ ನೀರು, ಹಸುವಿನ ಹಾಲು, ಗ್ರೈಪ್ ವಾಟರ್, ತೇಯ್ದ ಬಜೆ ಯಾವುದೂ ಬೇಡ. ಬೇಸಿಗೆಯಲ್ಲೂ ಎದೆಹಾಲಿನ ನೀರೇ ಸಾಕು. ಜೇನುತುಪ್ಪವನ್ನಂತೂ ಒಂದು ವರ್ಷದವರೆಗೆ ಮುಟ್ಟಿಸಬೇಡಿ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಬಾಟುಲಿಸಂ ಅನ್ನೋ ಪ್ರಾಣಾಪಾಯದ ಕಾಯಿಲೆ ತರಬಹುದು. ಡಾಕ್ಟರು ಬರೆದುಕೊಟ್ಟ ಹನಿ ಮತ್ತು ಔಷಧಿ ಮಾತ್ರ ಇದಕ್ಕೆ ಹೊರತು.

ಎದೆಹಾಲು ಕೊಡಲಾಗದ ತಾಯಂದಿರೂ ಇದ್ದಾರೆ, ಅವರನ್ನು ಅಪರಾಧಿಗಳ ಥರ ನೋಡೋದು ಬೇಡ. ಫಾರ್ಮುಲಾ ಕೊಡಲೇಬೇಕಾದರೆ ಡಬ್ಬಿಯ ಮೇಲಿನ ಅಳತೆಯನ್ನೇ ಪಾಲಿಸಿ. ದುಬಾರಿ ಅಂತ ನೀರು ಜಾಸ್ತಿ ಬೆರೆಸಿದರೆ ಮಗು ಸೊರಗುತ್ತೆ.

ಯಾಕೆ ರಾತ್ರಿ ಮಲಗಲ್ಲ?

ಹಸುಗೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತೆ, ಆದರೆ ತುಂಡು ತುಂಡಾಗಿ. ಹೊಟ್ಟೆ ಚಿಕ್ಕದು, ಎದೆಹಾಲು ಬೇಗ ಜೀರ್ಣವಾಗುತ್ತೆ. ಹಗಲು-ರಾತ್ರಿ ಗುರುತಿಸುವ ದೇಹದ ಗಡಿಯಾರ ಎರಡು-ಮೂರು ತಿಂಗಳ ಹೊತ್ತಿಗೆ ನಿಧಾನವಾಗಿ ಕೂಡಿಕೊಳ್ಳುತ್ತೆ. ಅಲ್ಲಿಯವರೆಗೆ ಯಾವ ಆ್ಯಪ್ ಟೈಂಟೇಬಲ್ ಮಾರಿದರೂ ಮಗು ಅದನ್ನು ಓದಲ್ಲ. ನೀವು ಮಾಡಬಹುದಾದ್ದು ಇಷ್ಟೇ: ಹಗಲು ಕಿಟಕಿ ತೆಗೆದು ಬೆಳಕು, ಮಾತು, ಸದ್ದು ಇರಲಿ. ರಾತ್ರಿ ಮಂದ ದೀಪದಲ್ಲಿ, ಮಾತಾಡಿಸದೆ ಹಾಲು ಕೊಟ್ಟು ಮಲಗಿಸಿ. ‘ಎತ್ತಿಕೊಂಡರೆ ಕೆಡುತ್ತೆ’ ಅನ್ನೋ ಭಯ ಈ ವಯಸ್ಸಿನಲ್ಲಿ ಬೇಕಿಲ್ಲ.

ಮಲಗಿಸುವಾಗ ಪ್ರತಿ ಸಲವೂ ಅಂಗಾತ. ಅಮೆರಿಕದಲ್ಲಿ 1994ರಲ್ಲಿ ಈ ಬಗ್ಗೆ ಅಭಿಯಾನ ಶುರುವಾದಮೇಲೆ ನಿದ್ದೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಪ್ರಮಾಣ ಅರ್ಧದಷ್ಟು ಇಳಿಯಿತು. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಲಿ. ತಲೆ ದುಂಡಗಾಗಲಿ ಅಂತ ಇಡೋ ಸಾಸಿವೆ ದಿಂಬು, ಮೆತ್ತನೆ ಕೌದಿ, ಗೊಂಬೆ ಮುಖದ ಹತ್ತಿರ ಬೇಡ. ಸೀರೆ ಜೋಲಿಯಲ್ಲಿ ಮಗು ಬಾಗಿ ಗಲ್ಲ ಎದೆಗೆ ತಾಗಿದರೆ ಉಸಿರಿಗೆ ತೊಂದರೆ. ಅದರಲ್ಲಿ ಗಂಟೆಗಟ್ಟಲೆ ಬಿಟ್ಟು ಹೋಗಬೇಡಿ. ತಾಯಿಯ ಕೋಣೆಯಲ್ಲೇ, ಅವಳ ಕೈಗೆಟುಕುವಷ್ಟು ದೂರದಲ್ಲಿ ಮಲಗಲಿ. ಬೀಡಿ-ಸಿಗರೇಟು ಹೊಗೆಯೂ ಬೇಡ, ಸ್ನಾನದ ನಂತರದ ಲೋಬಾನದ ಹೊಗೆಯೂ ಬೇಡ.

ಬೆಚ್ಚಗಿರುವುದು ಹಸುಗೂಸಿಗೆ ಜೀವ-ಸಾವಿನ ಪ್ರಶ್ನೆ. 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ‘ಸೂತಕ’ದ ಹೆಸರಲ್ಲಿ ಊರ ಹೊರಗಿನ ಗುಡಿಸಲಲ್ಲಿ ಬಾಣಂತಿಯ ಜೊತೆ ಇರಿಸಿದ್ದ ಮಗು ತೀರಿಕೊಂಡಿದ್ದು ನೆನಪಿರಬಹುದು.

ಯಾವಾಗ ಆಸ್ಪತ್ರೆಗೆ?

ಹಾಲು ಕುಡಿಯೋದು ನಿಲ್ಲಿಸಿದರೆ, ಎಬ್ಬಿಸಿದರೂ ಏಳದಿದ್ದರೆ, ಜ್ವರ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಥವಾ ಮೈ ತಣ್ಣಗಾದರೆ, ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚಿದ್ದರೆ, ಎದೆಗೂಡು ಒಳಕ್ಕೆ ಸೆಳೆದರೆ, ಫಿಟ್ಸ್ ಬಂದರೆ, ಅಂಗೈ-ಅಂಗಾಲು ಹಳದಿಯಾದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಮಗುವಿಗೆ ಚಿಕಿತ್ಸೆ ಮತ್ತು ಸಾಗಾಟ ಉಚಿತ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬರದಿದ್ದರೆ ಕೇಳಿ, ಅದು ನಿಮ್ಮ ಹಕ್ಕು. ಹಾಗೆಯೇ, ಆ ಆಶಾಗೆ ಇನ್ನೂ ನೌಕರಳ ಸ್ಥಾನಮಾನ ಸಿಗದೆ ಗೌರವಧನದಲ್ಲೇ ದುಡಿಯುತ್ತಿದ್ದಾಳೆ ಅನ್ನೋದೂ ನೆನಪಿರಲಿ.

ತಾಯಿಯನ್ನೂ ಗಮನಿಸಿ. ಎರಡು ವಾರ ದಾಟಿದರೂ ಅಳು, ಯಾವುದರಲ್ಲೂ ಆಸಕ್ತಿ ಇಲ್ಲದಿರೋದು, ಮಗು ಮಲಗಿದಾಗಲೂ ನಿದ್ದೆ ಬಾರದಿರೋದು ಖಿನ್ನತೆಯ ಲಕ್ಷಣವಾಗಿರಬಹುದು. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ.

ಆರು ತಿಂಗಳು ಯಾರಿಗೆ ಸಿಗುತ್ತೆ?

2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ. ರಜೆ ಮುಗಿಸಿ ಬಂದಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲುಣಿಸುವ ವಿರಾಮ. 50 ಅಥವಾ ಹೆಚ್ಚು ನೌಕರರಿದ್ದರೆ ಶಿಶುವಿಹಾರ, ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಲು ಅವಕಾಶ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವನ್ನೆಲ್ಲ ಉಳಿಸಿಕೊಂಡಿದೆ. ಕಾಗದದ ಮೇಲೆ ಚೆನ್ನಾಗಿದೆ, ಅಲ್ವಾ?

ಆದರೆ ಮನೆಗೆಲಸ, ಹೊಲದ ಕೂಲಿ, ಕಟ್ಟಡದ ಕೆಲಸ ಮಾಡೋ ಹೆಣ್ಣುಮಕ್ಕಳಿಗೆ ಈ ರಜೆ ತಲುಪೋದೇ ಇಲ್ಲ. ಅವರಿಗಿರೋದು ಮಾತೃ ವಂದನಾ ಯೋಜನೆಯ 5,000 ರೂಪಾಯಿ, ಅದೂ ಮೊದಲ ಮಗುವಿಗೆ. ಎರಡನೆಯದು ಹೆಣ್ಣಾದರೆ 6,000. ಆರು ತಿಂಗಳಿಗೆ ಹಂಚಿದರೆ 5,000 ರೂಪಾಯಿ ದಿನಕ್ಕೆ 28 ರೂಪಾಯಿಯೂ ಆಗಲ್ಲ. ‘ಆರು ತಿಂಗಳು ಎದೆಹಾಲು ಮಾತ್ರ’ ಅಂತ ಗೋಡೆ ಮೇಲೆ ಬರೆಸೋ ಸರ್ಕಾರ, ಆ ಆರು ತಿಂಗಳ ಕೂಲಿ ಯಾರು ಕೊಡಬೇಕು ಅಂತ ಹೇಳಲ್ಲ. ಅಪ್ಪಂದಿರ ರಜೆಯ ಕಥೆ ಇನ್ನೂ ಚಿಕ್ಕದು: ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ, ಖಾಸಗಿಯವರಿಗೆ ಕಾನೂನಿನಲ್ಲಿ ಏನೂ ಇಲ್ಲ.

ಇನ್ನೊಂದು ಕಾನೂನು ಗೊತ್ತಿರಬೇಕು. 1992ರ ಶಿಶು ಹಾಲಿನ ಬದಲಿಗಳ ಕಾಯ್ದೆ, 2003ರ ತಿದ್ದುಪಡಿಯೊಂದಿಗೆ, ಎರಡು ವರ್ಷದೊಳಗಿನ ಮಕ್ಕಳ ಫಾರ್ಮುಲಾ, ಆಹಾರ ಮತ್ತು ಬಾಟಲಿಗಳ ಜಾಹೀರಾತನ್ನೇ ನಿಷೇಧಿಸಿದೆ. ತಾಯಂದಿರಿಗೆ ಉಚಿತ ಸ್ಯಾಂಪಲ್, ಡಾಕ್ಟರಿಗೆ ಉಡುಗೊರೆ ಎರಡೂ ಅಪರಾಧ. ಡಿಸ್‌ಚಾರ್ಜ್ ದಿನ ಕಾರಣ ಹೇಳದೆ ಯಾರಾದರೂ ಕೈಗೆ ಡಬ್ಬಿ ಕೊಟ್ಟರೆ ಪ್ರಶ್ನೆ ಕೇಳಿ.

ಮನೆಯಲ್ಲಿ ಇವತ್ತೇ ಬದಲಾಯಿಸಬಹುದಾದ್ದೂ ಇದೆ. ಹಾಲುಣಿಸೋದು ತಾಯಿಯ ಕೆಲಸ ಇರಬಹುದು. ತೇಗು ಬರಿಸೋದು, ಬಟ್ಟೆ ಬದಲಿಸೋದು, ಎದೆಗವಚಿ ಮಲಗಿಸೋದು, ಬಾಣಂತಿಗೆ ಹೊತ್ತಿಗೆ ಸರಿಯಾಗಿ ಊಟ-ನೀರು ಕೊಡೋದು ಯಾರು ಬೇಕಾದರೂ ಮಾಡಬಹುದು. ರಾತ್ರಿ ಎರಡು ಗಂಟೆಗೆ ಮಗು ಎದ್ದಾಗ ಮನೆಯಲ್ಲಿ ಎಷ್ಟು ಜನ ಏಳ್ತಾರೆ ಅಂತ ಲೆಕ್ಕ ಹಾಕಿ. ಒಬ್ಬಳೇ ಆಗಿದ್ದರೆ ಇವತ್ತು ರಾತ್ರಿಯಿಂದ ನೀವೂ ಏಳಿ.