ಜಾರ್ಜಿಕ್ಸ್

ರೋಮನ್ ಕವಿ ವರ್ಜಿಲ್ (ಕ್ರಿ.ಪೂ. 70–19) ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ಕೃಷಿಕಾವ್ಯ. ಹೆಕ್ಸಾಮೀಟರ್ ಛಂದಸ್ಸಿನ 2,188 ಸಾಲುಗಳು ನಾಲ್ಕು ಸರ್ಗಗಳಲ್ಲಿ ಹರಡಿಕೊಂಡಿವೆ. ಮೊದಲನೆಯದು ಹೊಲ ಮತ್ತು ಹವೆಯದು, ಎರಡನೆಯದು ದ್ರಾಕ್ಷಿ, ಆಲಿವ್ ಮೊದಲಾದ ಮರಬಳ್ಳಿಗಳದು, ಮೂರನೆಯದು ದನ, ಕುದುರೆ, ಕುರಿ, ಮೇಕೆಗಳದು, ನಾಲ್ಕನೆಯದು ಜೇನಿನದು. ಆಶ್ರಯದಾತ ಮೀಸೀನಸ್‌ಗೆ ಅರ್ಪಿತವಾದ ಈ ಕಾವ್ಯ ಸುಮಾರು ಏಳು ವರ್ಷಗಳ ದುಡಿಮೆಯಿಂದ ಕ್ರಿ.ಪೂ. 29ರ ಹೊತ್ತಿಗೆ ಮುಗಿಯಿತು. ಕವಿ ಬೆಳಿಗ್ಗೆ ಹಲವು ಸಾಲು ಹೇಳಿ ಬರೆಸಿ, ದಿನವಿಡೀ ತಿದ್ದಿ, ಕೆಲವನ್ನಷ್ಟೇ ಉಳಿಸಿಕೊಳ್ಳುತ್ತಿದ್ದನೆಂದು ಪ್ರಾಚೀನ ಜೀವನಚರಿತ್ರೆ ಹೇಳುತ್ತದೆ.

ಇದರ ಹಿನ್ನೆಲೆಯಲ್ಲಿ ಶಾಂತವಾದ ಹಳ್ಳಿಯಿಲ್ಲ, ಯುದ್ಧವಿದೆ. ಕ್ರಿ.ಪೂ. 42ರ ಫಿಲಿಪಿ ಕದನದ ನಂತರ ನಿವೃತ್ತ ಸೈನಿಕರಿಗೆ ಹಂಚಲೆಂದು ಇಟಲಿಯ ರೈತರ ಜಮೀನುಗಳನ್ನು ಕಿತ್ತುಕೊಳ್ಳಲಾಯಿತು. ವರ್ಜಿಲ್ ಹುಟ್ಟಿದ ಮ್ಯಾಂಟುವ ಸೀಮೆಯೂ ಹೊಲಗಳನ್ನು ಕಳೆದುಕೊಂಡಿತು. ಎರಡನೆಯ ಸರ್ಗದಲ್ಲಿ ಆ ನಷ್ಟದ ನೆನಪಿದೆ. ಮೊದಲ ಸರ್ಗದ ಕೊನೆಗೆ ನೇಗಿಲಿಗೆ ಮರ್ಯಾದೆ ಉಳಿದಿಲ್ಲ, ಕುಡುಗೋಲುಗಳೆಲ್ಲ ಕತ್ತಿಗಳಾಗಿವೆ. ಮುಂದೊಂದು ಕಾಲಕ್ಕೆ ಫಿಲಿಪಿಯ ರಣಭೂಮಿಯನ್ನು ಉಳುವವನ ನೇಗಿಲಿಗೆ ತುಕ್ಕು ತಿಂದ ಈಟಿಗಳೂ ಮನುಷ್ಯರ ಮೂಳೆಗಳೂ ಸಿಗಲಿವೆ ಎಂದು ಕವಿ ಕಾಣುತ್ತಾನೆ. ಬೇಸಾಯವನ್ನು ಇಷ್ಟು ಅಕ್ಕರೆಯಿಂದ ಬಣ್ಣಿಸಲು ಕಾರಣ ಇಲ್ಲೇ ಇದೆ: ಅದು ಆಗಲೇ ಅರ್ಧ ಹಾಳಾಗಿತ್ತು.

ಮಾದರಿಯಾಗಿ ಒದಗಿದ್ದು ಗ್ರೀಕ್ ಕವಿ ಹೀಸಿಯಡ್‌ನ ‘ಕೆಲಸಗಳು ಮತ್ತು ದಿನಗಳು’. ಹವೆಯ ಲಕ್ಷಣಗಳಿಗೆ ಅರೇಟಸ್, ತತ್ತ್ವದೃಷ್ಟಿಗೆ ಲುಕ್ರೀಶಿಯಸ್, ಬೇಸಾಯದ ವಿವರಗಳಿಗೆ ಕ್ರಿ.ಪೂ. 37ರಲ್ಲಿ ಬಂದ ವಾರೊನ ಕೃಷಿಗ್ರಂಥ ನೆರವಾದವು.

ವರ್ಜಿಲ್‌ನ ಶಕ್ತಿ ಕಾಣುವುದು ಕೆಲಸದ ವಿವರಗಳಲ್ಲಿ. ಎಲ್ಮ್ ಮರವನ್ನು ಕಾಡಿನಲ್ಲಿ ಎಳೆಯದಾಗಿರುವಾಗಲೇ ಬಗ್ಗಿಸಿ ನೇಗಿಲಿನ ಡೊಂಕು ಬರಿಸಬೇಕು. ಈಸು ಎಂಟು ಅಡಿ ಉದ್ದವಿರಬೇಕು. ನೊಗಕ್ಕೆ ಹಗುರ ಮರ ಬೇಕು. ಕಡಿದ ಮರವನ್ನು ಒಲೆಯ ಮೇಲೆ ತೂಗುಹಾಕಿ ಹೊಗೆಯಲ್ಲಿ ಹದಮಾಡಬೇಕು. ಕೃತ್ತಿಕೆ ಮುಳುಗುವ ಮೊದಲು ಗೋಧಿ ಬಿತ್ತಿದವನ ಕೈಗೆ ಜೊಳ್ಳು ತೆನೆ. ಮಣ್ಣಿನ ಗುಣ ತಿಳಿಯಲು ಗುಂಡಿ ತೋಡಿ ಅದೇ ಮಣ್ಣನ್ನು ತುಂಬಿ ತುಳಿಯಬೇಕು: ಕಡಿಮೆಬಿದ್ದರೆ ಸಡಿಲ ನೆಲ, ಮಿಕ್ಕರೆ ಬಿಗಿ ನೆಲ. ಮಳೆ ಬರುವ ಮುನ್ನ ಕರು ತಲೆಯೆತ್ತಿ ಗಾಳಿ ಮೂಸುತ್ತದೆ, ಇರುವೆಗಳು ಮೊಟ್ಟೆ ಹೊತ್ತು ಸಾಗುತ್ತವೆ. ರಾತ್ರಿ ನೂಲುವ ಹುಡುಗಿಯರು ದೀಪದ ಎಣ್ಣೆ ಚಿಟಗುಟ್ಟುವುದನ್ನೂ ಬತ್ತಿಗೆ ಕರಿ ಕಟ್ಟುವುದನ್ನೂ ಗಮನಿಸುತ್ತಾರೆ. ಪ್ರಕೃತಿಯನ್ನು ದೂರ ನಿಂತು ಮೆಚ್ಚುವ ಕವಿತೆ ಇದಲ್ಲ. ಋತುಗಳು ಇಲ್ಲಿ ಮಾಡಬೇಕಾದ ಕೆಲಸಗಳಾಗಿ ಬರುತ್ತವೆ, ತಡಮಾಡಿದವನನ್ನು ಕಾಯುವುದಿಲ್ಲ.

ಮೂರನೆಯ ಸರ್ಗದ ದನಗಳ ಪಿಡುಗಿನ ಭಾಗ ಇಡೀ ಕಾವ್ಯದಲ್ಲೇ ಅತ್ಯಂತ ದಾರುಣ. ಆಲ್ಪ್ಸ್ ತಪ್ಪಲಿನ ನೋರಿಕಂ ಪ್ರದೇಶದಲ್ಲಿ ಉಳುತ್ತಿದ್ದ ಎತ್ತು ರಕ್ತ ಕಾರಿ ಕುಸಿಯುತ್ತದೆ. ರೈತ, ಜೊತೆಗಾರನ ಸಾವಿಗೆ ಮರುಗುವ ಇನ್ನೊಂದು ಎತ್ತಿನ ನೊಗ ಬಿಚ್ಚಿ, ನೇಗಿಲನ್ನು ಸಾಲಿನ ನಡುವೆಯೇ ಬಿಟ್ಟು ಹೋಗುತ್ತಾನೆ. ಜೀವಮಾನವೆಲ್ಲ ದುಡಿದ ಆ ಮೂಕಪ್ರಾಣಿಗೆ ಸಿಕ್ಕಿದ್ದೇನೆಂದು ಕೇಳುವ ಕವಿಯ ಪ್ರಶ್ನೆಗೆ ಕಾವ್ಯ ಉತ್ತರ ಕೊಡುವುದಿಲ್ಲ. ನಾಲ್ಕನೆಯ ಸರ್ಗದಲ್ಲಿ ಜೇನು ಸಾಕುವ ಅರಿಸ್ಟೇಯಸ್ ಕಳೆದುಕೊಂಡ ಜೇನುಹುಳುಗಳನ್ನು ಮತ್ತೆ ಪಡೆಯುತ್ತಾನೆ. ಅದೇ ಕಥೆಯೊಳಗಿನ ಆರ್ಫಿಯಸ್ ಮಾತ್ರ ಪಾತಾಳದಿಂದ ಕರೆತರುತ್ತಿದ್ದ ಮಡದಿ ಯೂರಿಡಿಸಿಯನ್ನು ಹಿಂತಿರುಗಿ ನೋಡಿ ಮತ್ತೆ ಕಳೆದುಕೊಳ್ಳುತ್ತಾನೆ.

ಕೃಷಿಶಾಸ್ತ್ರವಾಗಿ ಓದಿದರೆ ತಪ್ಪುಗಳಿವೆ. ಜೇನುಗೂಡನ್ನು ಆಳುವುದು ಗಂಡು ರಾಜ, ಕೊಳೆತ ಕರುವಿನ ಮೈಯಿಂದ ಜೇನುಹುಳು ಹುಟ್ಟುತ್ತದೆ ಎಂಬ ಆ ಕಾಲದ ನಂಬಿಕೆಗಳು ಇಲ್ಲೂ ಇವೆ. ಅವರೆಯ ಜಾತಿಯ ಕಾಳು ಮತ್ತು ನವಣೆಯಂಥ ಕಿರುಧಾನ್ಯ ಬಿತ್ತುವ ಕಾಲದ ಬಗ್ಗೆ ಆಕ್ಷೇಪವೆತ್ತಿದ ರೋಮನ್ ತತ್ತ್ವಜ್ಞಾನಿ ಸೆನೆಕ, ವರ್ಜಿಲ್ ಬರೆದದ್ದು ರೈತರಿಗೆ ಕಲಿಸಲು ಅಲ್ಲ, ಓದುಗರನ್ನು ತಣಿಸಲು ಎಂದ. ಮಾತು ಅರ್ಧ ಸರಿ. ತಣಿಸುವುದಷ್ಟೇ ಗುರಿಯಾಗಿದ್ದರೆ ಸತ್ತ ಎತ್ತಿನ ಕಥೆ ಬೇಕಿರಲಿಲ್ಲ. ಈ ತಪ್ಪುಗಳಿಗಿಂತ ದೊಡ್ಡ ಕೊರತೆ ಬೇರೆ: ರೋಮಿನ ದೊಡ್ಡ ಜಮೀನುಗಳಲ್ಲಿ ದುಡಿಯುತ್ತಿದ್ದವರು ಗುಲಾಮರು; ಈ ದುಡಿಮೆಯ ಕಾವ್ಯದಲ್ಲಿ ಅವರು ಕಾಣುವುದೇ ಇಲ್ಲ.

ತೋಟಗಾರಿಕೆಯನ್ನು ವರ್ಜಿಲ್ ಮುಂದಿನವರಿಗೆ ಬಿಟ್ಟಿದ್ದರಿಂದ ಕ್ರಿ.ಶ. ಒಂದನೆಯ ಶತಮಾನದ ಕೊಲುಮೆಲ್ಲಾ ತನ್ನ ಕೃಷಿಗ್ರಂಥದ ಹತ್ತನೆಯ ಭಾಗವನ್ನು ಪದ್ಯದಲ್ಲೇ ಬರೆದ. ಜಾನ್ ಡ್ರೈಡನ್‌ನ ಇಂಗ್ಲಿಷ್ ಅನುವಾದ 1697ರಲ್ಲಿ ಬಂತು. ಜೇಮ್ಸ್ ಥಾಮ್ಸನ್‌ನ ‘ದಿ ಸೀಸನ್ಸ್’ (1726–30) ಈ ಪರಂಪರೆಯದು; ಅದನ್ನು ಆಧರಿಸಿದ ಹೈಡನ್‌ನ ಸಂಗೀತಕೃತಿ 1801ರಲ್ಲಿ ಪ್ರದರ್ಶನಗೊಂಡಿತು. ವೀಟಾ ಸ್ಯಾಕ್‌ವಿಲ್-ವೆಸ್ಟ್ 1926ರಲ್ಲಿ ಪ್ರಕಟಿಸಿದ ‘ದಿ ಲ್ಯಾಂಡ್’ ಇದೇ ಬಗೆಯಲ್ಲಿ ಇಂಗ್ಲೆಂಡಿನ ಕೆಂಟ್ ಸೀಮೆಯ ಬೇಸಾಯದ ವರ್ಷವನ್ನು ಹೇಳುತ್ತದೆ.